ಆಪರೇಷನ್ನಿಗೆ ಮುಂಚೆ, ಆಪರೇಷನ್ನಿನ ಆಮೇಲೆ: ಓದುಗರ ಪ್ರಶ್ನೆ, ಅರಿವಳಿಕೆ ತಜ್ಞರ ಉತ್ತರ

ಕಳೆದ ಸಂಚಿಕೆಯಲ್ಲಿ ಅರಿವಳಿಕೆ (ಅನಸ್ತೇಶಿಯಾ) ಮತ್ತು ಶಸ್ತ್ರಚಿಕಿತ್ಸೆಯ ನಂತರದ ಆರೈಕೆಯ ಬಗ್ಗೆ ಓದುಗರಿಂದ ಪ್ರಶ್ನೆಗಳನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳವೇ ಹೆಚ್ಚು. ಕೋಲಾರದಲ್ಲೇ ಅರಿವಳಿಕೆ ತಜ್ಞನಾಗಿ ಕೆಲಸ ಮಾಡುವ ನನಗೆ ಈ ಪತ್ರಗಳಲ್ಲಿ ಕಾಣುವ ಊಟ, ಕಸುಬು, ಕುಡಿಯುವ ನೀರು ಎಲ್ಲವೂ ಪರಿಚಿತವಾದುವೇ ಆಗಿವೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಒಂದು ಪತ್ರವನ್ನು ಮಾತ್ರ ಆಯ್ದುಕೊಂಡು, ಬರೆದವರ ಹೆಸರನ್ನು ಬಿಟ್ಟು ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ಹಿತ್ತಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಪೂರ್ತಿ ಮತ್ತಿನ ಔಷಧಿ ಕೊಟ್ಟರೆ ವಯಸ್ಸಾದವರ ಬುದ್ಧಿ ಮಂಕಾಗುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ ಬೆನ್ನಿಗೇ ಇಂಜೆಕ್ಷನ್ ಕೊಡಬೇಕೆಂದು ಹಠ ಹಿಡಿದೆವು. ವೈದ್ಯರೂ ಹಾಗೆಯೇ ಮಾಡಿದರು. ಆದರೂ ಆಪರೇಷನ್ ಆದ ಎರಡನೆಯ ರಾತ್ರಿಯಿಂದ ಅವರು ತೀರಿಕೊಂಡವರನ್ನು ಹೆಸರು ಹಿಡಿದು ಕರೆಯುತ್ತ, ಡ್ರಿಪ್ಪಿನ ಕೊಳವೆಯನ್ನು ಕಿತ್ತುಹಾಕುತ್ತ ಮೂರು ದಿನ ಕಳೆದರು. ಈಗ ಸರಿಹೋಗಿದ್ದಾರೆ. ತಪ್ಪಾಗಿದ್ದು ಎಲ್ಲಿ? ಮುಂದೆ ಇನ್ನೊಂದು ಆಪರೇಷನ್ ಬೇಕಾಗಿ ಬಂದರೆ ಏನು ಮಾಡಬೇಕು? (ಮುಳಬಾಗಿಲು)

ಉತ್ತರ: ನಿಮ್ಮ ತಾಯಿಗೆ ಆಗಿದ್ದು ಸನ್ನಿ. ಅದು ಹುಚ್ಚಲ್ಲ, ಮರೆವಿನ ಕಾಯಿಲೆಯೂ ಅಲ್ಲ. ದೊಡ್ಡ ಗಾಯ, ನೋವು, ನಿದ್ದೆಗೇಡು, ನೀರಿನ ಕೊರತೆ, ಸೋಂಕು, ಕೆಲವು ಔಷಧಿಗಳು ಇವೆಲ್ಲ ಒಟ್ಟಾಗಿ ವಯಸ್ಸಾದ ಮಿದುಳಿನ ಮೇಲೆ ಬೀಳುವ ಹೊರೆಯಿಂದ ಕೆಲವು ದಿನಗಳ ಮಟ್ಟಿಗೆ ಬರುವ ಗಲಿಬಿಲಿ. ಬೆನ್ನಿನ ಇಂಜೆಕ್ಷನ್ ಕೊಟ್ಟರೆ ಇದು ತಪ್ಪುತ್ತದೆ ಎಂದು ನಂಬಿದವರು ನೀವೊಬ್ಬರೇ ಅಲ್ಲ. ವೈದ್ಯರಲ್ಲಿ ಅನೇಕರು ದಶಕಗಳ ಕಾಲ ಹಾಗೆಯೇ ನಂಬಿದ್ದರು, ಮತ್ತು ಆ ನಂಬಿಕೆಯನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಿದ್ದು ಇತ್ತೀಚಿನ ವರ್ಷಗಳಲ್ಲಿ.

ಅಮೆರಿಕ ಮತ್ತು ಕೆನಡಾದ 46 ಆಸ್ಪತ್ರೆಗಳಲ್ಲಿ ಸೊಂಟದ ಮೂಳೆ ಮುರಿದುಕೊಂಡು ಬಂದ 1600 ಮಂದಿಯನ್ನು, ಯಾರಿಗೆ ಯಾವ ವಿಧಾನ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಒಂದು ಗುಂಪಿಗೆ ಬೆನ್ನಿನ ಅರಿವಳಿಕೆಯನ್ನೂ ಇನ್ನೊಂದಕ್ಕೆ ಪೂರ್ತಿ ಪ್ರಜ್ಞೆ ತಪ್ಪಿಸುವ ಪೂರ್ಣ ಅರಿವಳಿಕೆಯನ್ನೂ ಕೊಟ್ಟು ನೋಡಿದ ರೀಗೇನ್ ಎಂಬ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅರವತ್ತು ದಿನಗಳ ಹೊತ್ತಿಗೆ ತೀರಿಕೊಂಡವರು ಅಥವಾ ಕೋಲಿನ ಆಸರೆಯಿದ್ದರೂ ಹತ್ತು ಅಡಿಯನ್ನೂ ಬೇರೆಯವರ ನೆರವಿಲ್ಲದೆ ನಡೆಯಲಾರದವರು ಮೊದಲ ಗುಂಪಿನಲ್ಲಿ ಶೇಕಡ 18.5, ಎರಡನೆಯದರಲ್ಲಿ ಶೇಕಡ 18. ಸನ್ನಿ ಬಂದವರು ಮೊದಲನೆಯದರಲ್ಲಿ ಶೇಕಡ 20.5, ಎರಡನೆಯದರಲ್ಲಿ ಶೇಕಡ 19.7. ಮರುವರ್ಷ ಮುದ್ರಣಗೊಂಡ ಚೀನಾದ ಅಧ್ಯಯನದಲ್ಲಿ 65 ದಾಟಿದ 950 ರೋಗಿಗಳಿದ್ದರು; ಅಲ್ಲಿ ಸನ್ನಿಯ ಪ್ರಮಾಣ ಬೆನ್ನಿನ ಅರಿವಳಿಕೆಯಲ್ಲಿ ಶೇಕಡ 6.2, ಪೂರ್ಣ ಅರಿವಳಿಕೆಯಲ್ಲಿ ಶೇಕಡ 5.1. ಎರಡು ಅಧ್ಯಯನಗಳ ಅಂಕಿಗಳು ಬೇರೆಬೇರೆಯಾಗಿದ್ದರೂ ಎರಡೂ ಕಡೆ ಎರಡು ವಿಧಾನಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಹಾಗೆಂದು ಬೆನ್ನಿನ ಇಂಜೆಕ್ಷನ್ ಕೆಲಸಕ್ಕೆ ಬಾರದ್ದೆಂದು ತಿಳಿಯಬಾರದು. ಶ್ವಾಸಕೋಶದ ತೊಂದರೆ ಇರುವ ಅನೇಕರಿಗೆ ನಾನು ಇವತ್ತಿಗೂ ಅದನ್ನೇ ಆರಿಸುತ್ತೇನೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಂಡವರಿಗೆ ಮತ್ತು ಹೃದಯದ ಕವಾಟ ತೀರ ಕಿರಿದಾದವರಿಗೆ ಪೂರ್ಣ ಅರಿವಳಿಕೆಯನ್ನೇ ಹೆಚ್ಚಾಗಿ ಆರಿಸುತ್ತೇನೆ. ಈ ಆಯ್ಕೆಯನ್ನು ರೋಗಿಯ ದೇಹಸ್ಥಿತಿ ನೋಡಿದ ತಜ್ಞರಿಗೆ ಬಿಟ್ಟು, ಮನೆಯವರು ತಮ್ಮ ಶಕ್ತಿಯನ್ನು ಬೇರೆ ಕಡೆ ತೊಡಗಿಸುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಬೇರೆ ಕಡೆ ಎಂದರೆ, ಮೊದಲನೆಯದಾಗಿ ಸಮಯ. ಮೂಳೆ ಮುರಿದ ವೃದ್ಧರನ್ನು ನಾಟಿ ಕಟ್ಟು ಹಾಕಿಸಿಕೊಂಡು ಮನೆಯಲ್ಲೇ ಮಲಗಿಸಿ, ವಾರ ಕಳೆದ ಮೇಲೆ ಆಸ್ಪತ್ರೆಗೆ ಕರೆತರುವುದು ನಮ್ಮ ಭಾಗದಲ್ಲಿ ಇನ್ನೂ ನಡೆದಿದೆ. ಭಾರತವೂ ಸೇರಿದಂತೆ 17 ದೇಶಗಳ 2970 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೊಂಟದ ಮೂಳೆ ಮುರಿದದ್ದು ಖಚಿತವಾದ ಆರು ಗಂಟೆಗಳ ಆಸುಪಾಸಿನಲ್ಲೇ ಆಪರೇಷನ್ ಆದವರನ್ನು ಒಂದು ದಿನ ಕಾದವರೊಂದಿಗೆ ಹೋಲಿಸಿದರು. ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಆದರೆ ಬೇಗ ಆದವರಲ್ಲಿ ಸನ್ನಿ ಕಡಿಮೆ ಇತ್ತು. ಒಂದು ದಿನದ ವಿಳಂಬಕ್ಕೇ ಇಷ್ಟು ಅಂತರವಿರುವಾಗ ವಾರಗಟ್ಟಲೆಯ ವಿಳಂಬ ಏನು ಮಾಡೀತೆಂದು ಊಹಿಸಬಹುದು. ಎರಡನೆಯದು ನೋವು. ತೊಡೆಯ ಮೇಲ್ಭಾಗದ ನರಗಳ ಸುತ್ತ ಮರಗಟ್ಟಿಸುವ ಔಷಧಿಯನ್ನು ಹಾಕುವ ನರ್ವ್ ಬ್ಲಾಕ್ ಎಂಬ ಇಂಜೆಕ್ಷನ್ ಇದೆ. ಆಪರೇಷನ್ನಿಗೆ ಮುಂಚೆಯೇ, ಎಕ್ಸ್‌ರೇ ಆದೊಡನೆಯೇ ಇದನ್ನು ಕೊಡಬಹುದು. ಇದು ನೋವನ್ನು ಕಡಿಮೆ ಮಾಡುವುದರ ಜೊತೆಗೆ ಸನ್ನಿಯ ಸಾಧ್ಯತೆಯನ್ನೂ ತಗ್ಗಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2020ರ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ನಿಮ್ಮವರಿಗೆ ಅದನ್ನು ಕೊಡಲಾಗುವುದೇ ಎಂದು ಕೇಳಲು ಸಂಕೋಚ ಪಡಬೇಡಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದು ವಾರ್ಡಿನಲ್ಲಿ, ಹಾಸಿಗೆಯ ಪಕ್ಕದಲ್ಲಿ ನಡೆಯುವ ಕೆಲಸ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಶಾರನ್ ಇನೌಯೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಪ್ಪತ್ತು ದಾಟಿದ 852 ಒಳರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಹೊಸ ಔಷಧಿ ಯಾವುದನ್ನೂ ಕೊಡದೆ ಕೇವಲ ಆರೈಕೆಯ ಕ್ರಮವನ್ನು ಬದಲಾಯಿಸಿದರು. ಕನ್ನಡಕ ಮತ್ತು ಕಿವಿಯ ಯಂತ್ರ ಕೈಗೆ ಸಿಗುವಂತೆ ಇಡುವುದು, ನೀರು ಕುಡಿಸುವುದು, ಇವತ್ತು ಯಾವ ವಾರ, ನಾವು ಎಲ್ಲಿದ್ದೇವೆ ಎಂದು ಮಾತಿನ ನಡುವೆ ನೆನಪಿಸುವುದು, ಹಗಲು ಎದ್ದು ಕೂರಿಸಿ ನಡೆಸುವುದು, ರಾತ್ರಿ ದೀಪ ಮತ್ತು ಸದ್ದು ಕಡಿಮೆ ಮಾಡಿ ನಿದ್ದೆಗೆ ಬಿಡುವುದು ಇಷ್ಟೇ ಆ ಕ್ರಮ. ಸನ್ನಿ ಶೇಕಡ 15ರಿಂದ 9.9ಕ್ಕೆ ಇಳಿಯಿತು. ಚೀನಾದ ಚೆಂಗ್ಡು ನಗರದ ವೈದ್ಯರು ಇದೇ ಕ್ರಮವನ್ನು ಮನೆಯವರ ಕೈಗೆ ಕೊಟ್ಟು, ಶಸ್ತ್ರಚಿಕಿತ್ಸೆಗೆ ಒಳಗಾದ 281 ಹಿರಿಯರಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಸಾಮಾನ್ಯ ಆರೈಕೆ ಸಿಕ್ಕವರಲ್ಲಿ ಶೇಕಡ 19.4ರಷ್ಟು ಮಂದಿಗೆ ಸನ್ನಿ ಬಂದರೆ, ಮನೆಯವರು ತರಬೇತಿ ಪಡೆದು ನೋಡಿಕೊಂಡವರಲ್ಲಿ ಬಂದದ್ದು ಶೇಕಡ 2.6ರಷ್ಟು ಮಂದಿಗೆ ಮಾತ್ರ. ಅದು ಒಂದೇ ಆಸ್ಪತ್ರೆಯಲ್ಲಿ ನಡೆದ ಅಧ್ಯಯನವಾದ್ದರಿಂದ ಎಲ್ಲೆಡೆಯೂ ಇಷ್ಟೇ ಫಲ ಸಿಗುತ್ತದೆ ಎನ್ನಲಾಗದು. ಆದರೆ ಅರಿವಳಿಕೆಯ ವಿಧಾನ ಬದಲಿಸಿ ಸಿಗದಿದ್ದ ಲಾಭ ಇಲ್ಲಿ ಸಿಕ್ಕಿದೆ ಎಂಬುದನ್ನು ಮರೆಯಬಾರದು.

ಯೇಲ್‌ನಲ್ಲಿ ಈ ಕೆಲಸಕ್ಕೆ ಸ್ವಯಂಸೇವಕರನ್ನು ಹುಡುಕಿ ತರಬೇತಿ ಕೊಡಬೇಕಾಯಿತು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮಗಳೋ ಸೊಸೆಯೋ ಮೊಮ್ಮಗನೋ ಹಗಲುರಾತ್ರಿ ಇದ್ದೇ ಇರುತ್ತಾರೆ. ಅವರನ್ನು ಔಷಧಿ ತರಲು ಮತ್ತು ಬಿಲ್ ಕಟ್ಟಲು ಮಾತ್ರ ಬಳಸಿಕೊಳ್ಳುವ ನಮ್ಮ ಆಸ್ಪತ್ರೆಗಳ ಪದ್ಧತಿ ನನಗೆ ಬಹಳ ಬೇಸರ ತರಿಸುತ್ತದೆ. ಮುಂದಿನ ಸಲ ಆಪರೇಷನ್ ಬೇಕಾದರೆ, ತಾಯಿಯವರಿಗೆ ಒಮ್ಮೆ ಸನ್ನಿ ಬಂದಿತ್ತೆಂದು ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ. ಅವರ ಕನ್ನಡಕವನ್ನೂ ಹಲ್ಲಿನ ಸೆಟ್ಟನ್ನೂ ಮನೆಯಲ್ಲಿ ಬಿಟ್ಟು ಬರಬೇಡಿ. ನಿದ್ದೆ ಬರಲಿಲ್ಲವೆಂದು ನಿದ್ದೆಮಾತ್ರೆಯನ್ನು ನೀವಾಗಿ ಕೊಡಬೇಡಿ. ಕೆಲವು ನಿದ್ದೆಮಾತ್ರೆಗಳು, ನೆಗಡಿಗೆ ಅಂಗಡಿಯಲ್ಲಿ ಸಿಗುವ ಕೆಲವು ಗುಳಿಗೆಗಳು ಸನ್ನಿಯನ್ನು ಹೆಚ್ಚಿಸುತ್ತವೆ. ಅವರು ಇಲ್ಲದವರನ್ನು ಕರೆದಾಗ ವಾದಿಸುವುದಾಗಲಿ ಗದರಿಸುವುದಾಗಲಿ ಬೇಡ. ಕೈ ಹಿಡಿದು, ನಾನು ಇಂಥವಳು, ಇದು ಆಸ್ಪತ್ರೆ, ಆಪರೇಷನ್ ಮುಗಿದಿದೆ ಎಂದು ಸಮಾಧಾನವಾಗಿ ಹೇಳಿದರೆ ಸಾಕು. ರೋಗಿ ಗಲಾಟೆ ಮಾಡದೆ ಮಂಕಾಗಿ, ಕರೆದರೂ ಓಗೊಡದೆ ಬಿದ್ದುಕೊಂಡಿರುವ ಸನ್ನಿಯೂ ಉಂಟು. ಸುಸ್ತಾಗಿ ಮಲಗಿದ್ದಾರೆಂದು ಮನೆಯವರು ಸುಮ್ಮನಾಗುವುದರಿಂದ ಅದು ಹೆಚ್ಚು ಅಪಾಯಕಾರಿ. ಅಂಥ ಬದಲಾವಣೆ ಕಂಡರೆ ಕೂಡಲೇ ನರ್ಸ್‌ಗೆ ಹೇಳಬೇಕು.

ಪ್ರಶ್ನೆ: ನನಗೆ ಹರ್ನಿಯಾ ಆಪರೇಷನ್ ನಿಗದಿಯಾಗಿದೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಹಿಂದಿನ ರಾತ್ರಿ ಹತ್ತರಿಂದ ಒಂದು ತೊಟ್ಟು ನೀರೂ ಕುಡಿಯಬಾರದು ಎಂದಿದ್ದಾರೆ. ನನ್ನ ಸ್ನೇಹಿತನಿಗೆ ಹೀಗೆಯೇ ಹೇಳಿ ಮಧ್ಯಾಹ್ನ ಎರಡಕ್ಕೆ ಒಳಗೆ ಕರೆದೊಯ್ದರು. ಇಷ್ಟು ಉಪವಾಸ ಅಗತ್ಯವೇ? ಸಕ್ಕರೆ ಮಾತ್ರೆಗಳನ್ನು ಏನು ಮಾಡಬೇಕು? (ಬಂಗಾರಪೇಟೆ)

ಉತ್ತರ: ಪ್ರಜ್ಞೆ ಇಲ್ಲದಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯವಾಗುತ್ತದೆ. ಅಮೆರಿಕದ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಹೆರಿಗೆಯ ಸಮಯದಲ್ಲಿ ಹೀಗಾದ ಪ್ರಕರಣಗಳನ್ನು ವಿವರಿಸಿದ ಮೇಲೆ, ರಾತ್ರಿಯಿಂದ ಏನನ್ನೂ ಮುಟ್ಟಬಾರದೆಂಬ ನಿಯಮ ಜಗತ್ತಿನಾದ್ಯಂತ ಬೇರೂರಿತು. ಆದರೆ ಘನ ಆಹಾರ ಹೊಟ್ಟೆಯಿಂದ ಇಳಿಯಲು ಹಿಡಿಯುವ ಸಮಯ ಬೇರೆ, ನೀರು ಇಳಿಯಲು ಹಿಡಿಯುವ ಸಮಯ ಬೇರೆ. ಇವತ್ತಿನ ಮಾರ್ಗಸೂಚಿಗಳ ಪ್ರಕಾರ ಎಣ್ಣೆ, ಮಾಂಸ ಇರುವ ಊಟಕ್ಕೆ ಎಂಟು ಗಂಟೆ, ಹಗುರ ಉಪಾಹಾರಕ್ಕೂ ಹಸುವಿನ ಹಾಲಿಗೂ ಆರು ಗಂಟೆ, ತಿಳಿಯಾದ ದ್ರವಕ್ಕೆ ಎರಡು ಗಂಟೆಯ ಅಂತರ ಸಾಕು. ತಿಳಿಯಾದ ದ್ರವವೆಂದರೆ ನೀರು, ಹಾಲಿಲ್ಲದ ಕಪ್ಪು ಚಹಾ ಅಥವಾ ಕಾಫಿ, ತಿರುಳಿಲ್ಲದ ಹಣ್ಣಿನ ರಸ. ನಮ್ಮ ಕಡೆಯ ಹಾಲು ಹಾಕಿದ ಕಾಫಿ, ಮಜ್ಜಿಗೆ, ರಾಗಿ ಗಂಜಿ ಯಾವುದೂ ಇದರಲ್ಲಿ ಸೇರುವುದಿಲ್ಲ. ಗಂಜಿ ತಾನೇ ಎಂದು ಬೆಳಿಗ್ಗೆ ಕುಡಿದು ಬಂದು, ಆಪರೇಷನ್ ಮುಂದೂಡಬೇಕಾಗುವ ಸಂದರ್ಭ ನಮಗೆ ಹೊಸದಲ್ಲ.

ಸುದೀರ್ಘ ಉಪವಾಸದಿಂದ ಬಾಯಾರಿಕೆ, ತಲೆನೋವು, ಅರಿವಳಿಕೆ ಕೊಟ್ಟೊಡನೆ ರಕ್ತದೊತ್ತಡ ಕುಸಿಯುವುದು, ಮಧುಮೇಹಿಗಳಲ್ಲಿ ಸಕ್ಕರೆ ಏರುಪೇರಾಗುವುದು ಇವೆಲ್ಲ ಆಗುತ್ತವೆ. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ, ನನ್ನ ಸರದಿ ಸುಮಾರು ಎಷ್ಟು ಹೊತ್ತಿಗೆ, ಅದಕ್ಕೆ ಎರಡು ಗಂಟೆ ಮೊದಲಿನವರೆಗೆ ನೀರು ಕುಡಿಯಬಹುದೇ ಎಂಬುದು. ಮಧುಮೇಹಿಗಳನ್ನು ಪಟ್ಟಿಯಲ್ಲಿ ಮೊದಲು ತೆಗೆದುಕೊಳ್ಳಬೇಕೆಂಬುದು ಒಳ್ಳೆಯ ಪದ್ಧತಿ; ಅದನ್ನೂ ವಿನಯದಿಂದ ಕೇಳಿ. ಆದರೆ ಬಹಳ ವರ್ಷದ ಮಧುಮೇಹದಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗುವ ತೊಂದರೆಯೂ ಬರಬಹುದಾದ್ದರಿಂದ, ಊಟವಾದ ಎಷ್ಟೋ ಹೊತ್ತಿನ ಮೇಲೂ ಹೊಟ್ಟೆ ಉಬ್ಬರ, ವಾಂತಿ ನಿಮಗಿದ್ದರೆ ಅದನ್ನು ತಿಳಿಸದೆ ಈ ಎರಡು ಗಂಟೆಯ ಲೆಕ್ಕವನ್ನು ಅನ್ವಯಿಸಿಕೊಳ್ಳಬೇಡಿ.

ಮಾತ್ರೆಗಳ ವಿಷಯದಲ್ಲಿ ಎರಡು ಹೊಸ ಎಚ್ಚರಿಕೆಗಳಿವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಗೂ ಇವನ್ನು ಈಗ ವ್ಯಾಪಕವಾಗಿ ಬರೆದುಕೊಡುತ್ತಾರೆ. ಇವನ್ನು ನುಂಗುತ್ತಿರುವವರು ಉಪವಾಸ ಬಿದ್ದರೆ ರಕ್ತದಲ್ಲಿ ಆಮ್ಲ ಶೇಖರವಾಗಬಹುದು, ಮತ್ತು ಸಕ್ಕರೆಯ ಅಂಕಿ ಹೆಚ್ಚು ಏರದಿರುವುದರಿಂದ ಆ ಅಪಾಯ ಗೊತ್ತೇ ಆಗದೆ ಹೋಗಬಹುದು. ಅದಕ್ಕಾಗಿ ಆಪರೇಷನ್ನಿಗೆ ಕನಿಷ್ಠ ಮೂರು ದಿನ ಮುಂಚೆ ಇವನ್ನು ನಿಲ್ಲಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಸೂಚಿಸಿತು. ಹಲವು ಮಾತ್ರೆಗಳಲ್ಲಿ ಇದು ಮೆಟ್‌ಫಾರ್ಮಿನ್ ಎಂಬ ಇನ್ನೊಂದು ಸಕ್ಕರೆ ಔಷಧಿಯ ಜೊತೆ ಬೆರೆತು ಬೇರೆ ಹೆಸರಿನಲ್ಲಿ ಬರುತ್ತದೆ. ಆದ್ದರಿಂದ ಚೀಟಿಗಿಂತ ಮಾತ್ರೆಯ ಸ್ಟ್ರಿಪ್ಪನ್ನೇ ತಂದು ತೋರಿಸಿ. ಇನ್ನೊಂದು, ಸಕ್ಕರೆಗೂ ತೂಕ ಇಳಿಸುವುದಕ್ಕೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಬಗೆಯ ಔಷಧಿ. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ. ಒಂದು ವಾರ ಮೊದಲೇ ನಿಲ್ಲಿಸಿ ಎಂದು 2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ಹೇಳಿತ್ತು. 2024ರಲ್ಲಿ ಹಲವು ಸಂಘಗಳು ಸೇರಿ, ಹೆಚ್ಚಿನವರು ಮುಂದುವರಿಸಬಹುದು, ಅಪಾಯ ಹೆಚ್ಚಿರುವವರು ಹಿಂದಿನ ಒಂದು ದಿನ ದ್ರವಾಹಾರದಲ್ಲಿರಲಿ ಎಂದು ತಿದ್ದಿದವು. ಇನ್ಸುಲಿನ್ನನ್ನಾಗಲಿ ಬೇರೆ ಮಾತ್ರೆಯನ್ನಾಗಲಿ ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಎರಡು ಸಿಸೇರಿಯನ್ ಆಗಿವೆ. ಎರಡೂ ಸಲ ಬೆನ್ನಿಗೆ ಸೂಜಿ ಚುಚ್ಚಿದ್ದರು. ಎಂಟು ವರ್ಷವಾದರೂ ಸೊಂಟನೋವು ಬಿಟ್ಟಿಲ್ಲ. ಆ ಇಂಜೆಕ್ಷನ್ನೇ ಕಾರಣವೆಂದು ನಮ್ಮ ಊರಿನಲ್ಲಿ ಎಲ್ಲ ಹೆಂಗಸರೂ ಹೇಳುತ್ತಾರೆ. (ಶ್ರೀನಿವಾಸಪುರ)

ಉತ್ತರ: ನಿಮ್ಮ ನೋವು ನಿಜವಾದದ್ದು, ಅದರ ಕಾರಣ ಮಾತ್ರ ಆ ಸೂಜಿಯಲ್ಲ. ಸೂಜಿ ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವು, ಮುಟ್ಟಿದರೆ ನೋಯುವುದು ಇರುವುದುಂಟು. ವರ್ಷಗಟ್ಟಲೆ ಉಳಿಯುವ ಬೆನ್ನುನೋವಿನ ಪ್ರಶ್ನೆಯನ್ನು, ಹೆರಿಗೆ ನೋವು ತಡೆಯಲು ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ನಿನ ಬಗ್ಗೆ ಬಂದ 2018ರ ಕಾಕ್ರೇನ್ ವಿಮರ್ಶೆ ಪರಿಶೀಲಿಸಿತು. ಎಪಿಡ್ಯೂರಲ್ ತೆಗೆದುಕೊಂಡ ತಾಯಂದಿರಿಗೂ ತೆಗೆದುಕೊಳ್ಳದವರಿಗೂ ದೀರ್ಘಕಾಲದ ಬೆನ್ನುನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಪಿಡ್ಯೂರಲ್‌ಗೆ ಬಳಸುವುದು ದಪ್ಪ ಸೂಜಿ; ನಿಮಗೆ ಸಿಸೇರಿಯನ್ನಿನಲ್ಲಿ ಬಳಸಿದ್ದು ಅದಕ್ಕಿಂತ ಬಹಳ ಸಣ್ಣದು. ಬಸಿರಿನಲ್ಲಿ ಮುಂದಕ್ಕೆ ಬಾಗಿದ ಬೆನ್ನು, ಸಡಿಲಗೊಂಡ ಕೀಲುಗಳು, ಹೊಟ್ಟೆಯ ಸ್ನಾಯುಗಳು ಮತ್ತೆ ಬಿಗಿಯಾಗದಿರುವುದು, ಬಾಗಿಯೇ ಮಗುವನ್ನೆತ್ತಿ, ಬಿಂದಿಗೆ ಹೊತ್ತು, ತೋಟದಲ್ಲಿ ಕೂತು ಕಳೆ ಕೀಳುವ ದುಡಿಮೆ, ವಿಟಮಿನ್ ಡಿ ಕೊರತೆ ಇವು ನೋವಿನ ಸಾಮಾನ್ಯ ಕಾರಣಗಳು. ಎಲ್ಲವನ್ನೂ ಸೂಜಿಯ ಮೇಲೆ ಹೊರಿಸಿದ್ದರಿಂದ ಎಂಟು ವರ್ಷ ನಿಮಗೆ ಸರಿಯಾದ ಪರೀಕ್ಷೆಯಾಗಲಿ, ಫಿಸಿಯೋಥೆರಪಿಯಾಗಲಿ ಸಿಗಲಿಲ್ಲ ಎಂಬುದೇ ನನಗೆ ನೋವಿನ ಸಂಗತಿ. ದಯವಿಟ್ಟು ಮೂಳೆ ತಜ್ಞರನ್ನು ಕಾಣಿ. ಕಾಲಿನಲ್ಲಿ ಶಕ್ತಿ ಕುಂದುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು, ಜ್ವರದೊಂದಿಗೆ ಬೆನ್ನುನೋವು ಇವುಗಳಲ್ಲಿ ಯಾವುದಿದ್ದರೂ ಅಂದೇ ಹೋಗಬೇಕು.

ಆ ಸೂಜಿಯಿಂದ ನಿಜವಾಗಿ ಬರಬಹುದಾದ ತೊಂದರೆಯೆಂದರೆ ತಲೆನೋವು. ಎದ್ದು ಕೂತರೆ ಹೆಚ್ಚಾಗಿ, ಮಲಗಿದರೆ ಕಡಿಮೆಯಾಗುವ ಈ ನೋವು ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪೆನ್ಸಿಲ್ ಮೊನೆಯ ಆಕಾರದ ಸೂಜಿಗಳಿಂದ ಇದು ಎಷ್ಟೋ ಕಡಿಮೆಯಾಗಿದೆ: 110 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವರದಿಯೊಂದರಲ್ಲಿ ಹಳೆಯ ಕತ್ತರಿಸುವ ಮೊನೆಯ ಸೂಜಿಯಿಂದ ಶೇಕಡ 11ರಷ್ಟು ಮಂದಿಗೆ ತಲೆನೋವು ಬಂದಿದ್ದರೆ, ಹೊಸ ಸೂಜಿಯಿಂದ ಶೇಕಡ 4.2ರಷ್ಟು ಮಂದಿಗೆ ಬಂದಿತ್ತು.

ಪ್ರಶ್ನೆ: ನನ್ನ ತಂದೆಯ ಕಾಲಿನ ಆಪರೇಷನ್ನಿಗೆ ಬೆನ್ನಿನ ಸೂಜಿಯನ್ನು ಮತ್ತೆ ಮತ್ತೆ ಹಾಕಲು ಯತ್ನಿಸಿ, ಆಗದೆ, ಕೊನೆಗೆ ಪೂರ್ತಿ ಮತ್ತು ಕೊಟ್ಟರು. ಇದು ವೈದ್ಯರ ಅನುಭವದ ಕೊರತೆಯೇ? ಅವರಿಗೆ ಬಹಳ ವರ್ಷದಿಂದ ಬೆನ್ನು, ಕುತ್ತಿಗೆ ಬಿಗಿದುಕೊಂಡಿವೆ. (ಬಾಗೇಪಲ್ಲಿ)

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರ ಇರಬಹುದು. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದಂಥ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ಬಹುಕಾಲದ ಸಮಸ್ಯೆ. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಇಲ್ಲದಿದ್ದಲ್ಲಿ ಗರಿಷ್ಠ 1.5 ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ಪ್ರಮಾಣವಿರುವ ನೀರನ್ನು ದಶಕಗಳ ಕಾಲ ಕುಡಿದವರಲ್ಲಿ ಹಲ್ಲಿನ ಕಲೆಯಷ್ಟೇ ಅಲ್ಲದೆ ಬೆನ್ನೆಲುಬಿನ ಮೂಳೆಗಳನ್ನು ಹಿಡಿದಿಡುವ ತಂತುಕಟ್ಟುಗಳೂ ಸುಣ್ಣಗಟ್ಟಿ ಗಡಸಾಗುತ್ತವೆ. ಬೆನ್ನಿನ ಸೂಜಿ ಹೋಗಬೇಕಾದದ್ದು ಆ ತಂತುಕಟ್ಟುಗಳ ನಡುವೆಯೇ; ರೋಗಿ ಬೆನ್ನನ್ನು ಬಾಗಿಸಲಾರದಿದ್ದರೆ ಮೂಳೆಗಳ ನಡುವಿನ ಸಂದು ತೆರೆದುಕೊಳ್ಳುವುದೂ ಇಲ್ಲ. ಎಷ್ಟು ನುರಿತ ಕೈಯಾದರೂ ಅಲ್ಲಿ ಸೋಲಬಹುದು. ಮಧ್ಯದ ಬದಲು ಪಕ್ಕದಿಂದ ಚುಚ್ಚುವುದು, ಅಲ್ಟ್ರಾಸೌಂಡಿನಲ್ಲಿ ಸಂದನ್ನು ಹುಡುಕಿಕೊಳ್ಳುವುದು ಕೆಲವೊಮ್ಮೆ ನೆರವಾಗುತ್ತವೆ. ಪಟ್ಟು ಹಿಡಿದು ಚುಚ್ಚುತ್ತಲೇ ಇರದೆ ವಿಧಾನವನ್ನು ಬದಲಿಸಿದ್ದು, ನೀವು ಬರೆದಷ್ಟರಿಂದ ನೋಡಿದರೆ, ಸರಿಯಾದ ನಿರ್ಧಾರವೇ. ಕುತ್ತಿಗೆ ಬಿಗಿದವರಿಗೆ ಪೂರ್ಣ ಅರಿವಳಿಕೆಯಲ್ಲಿ ಉಸಿರಿನ ಕೊಳವೆ ಹಾಕುವುದೂ ಕಷ್ಟವಾಗುತ್ತದೆ. ಆದ್ದರಿಂದ ಮುಂದೆ ಎಲ್ಲೇ ಚಿಕಿತ್ಸೆಗೆ ಹೋದರೂ ಕುತ್ತಿಗೆ ಹಿಂದಕ್ಕೆ ಬಾಗುವುದಿಲ್ಲ, ಬೆನ್ನಿಗೆ ಸೂಜಿ ಹೋಗಲಿಲ್ಲ ಎಂಬೆರಡನ್ನೂ ಮೊದಲೇ ಹೇಳಿ. ಮನೆಯ ಕಿರಿಯರಿಗಾಗಿ ನಿಮ್ಮ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ಹತ್ತು ತಿಂಗಳ ಮಗುವಿಗೆ ಹರ್ನಿಯಾ ಆಪರೇಷನ್ ಮಾಡಬೇಕಂತೆ. ಮತ್ತಿನ ಔಷಧಿಯಿಂದ ಮಗುವಿನ ಬುದ್ಧಿ ಬೆಳೆಯುವುದಿಲ್ಲವೆಂದು ಮೊಬೈಲಿನಲ್ಲಿ ನೋಡಿ ಹೆದರಿದ್ದೇವೆ. (ಮಾಲೂರು)

ಉತ್ತರ: ಆ ಭಯ ಶುರುವಾದದ್ದು ಎಳೆಯ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಡಿಸೆಂಬರ್‌ನಲ್ಲಿ ಎಚ್ಚರಿಕೆಯನ್ನೂ ನೀಡಿತು. ಆದರೆ ನಿಮ್ಮ ಮಗುವಿನ ಸ್ಥಿತಿಗೆ ಹತ್ತಿರವಾದ ಅಧ್ಯಯನ ಒಂದಿದೆ. ಏಳು ದೇಶಗಳ 28 ಆಸ್ಪತ್ರೆಗಳಲ್ಲಿ, ಹರ್ನಿಯಾ ಆಪರೇಷನ್ನಿಗೆಂದೇ ಬಂದ 722 ಹಸುಗೂಸುಗಳಲ್ಲಿ ಅರ್ಧದಷ್ಟಕ್ಕೆ ಪೂರ್ಣ ಅರಿವಳಿಕೆಯನ್ನೂ ಉಳಿದವಕ್ಕೆ ಎಚ್ಚರವಿರುವಾಗಲೇ ಬೆನ್ನಿನ ಭಾಗದ ಅರಿವಳಿಕೆಯನ್ನೂ ಕೊಟ್ಟು, ಐದು ವರ್ಷವಾದಾಗ ಬುದ್ಧಿಶಕ್ತಿಯನ್ನು ಅಳೆದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪುಗಳ ಸರಾಸರಿ ಅಂಕ 99ರ ಆಸುಪಾಸಿನಲ್ಲೇ ಇತ್ತು. ಅಂದರೆ ಒಂದು ಗಂಟೆಯೊಳಗಿನ, ಒಂದೇ ಬಾರಿಯ ಅರಿವಳಿಕೆಗೆ ಹೆದರಬೇಕಾದ ಕಾರಣವಿಲ್ಲ. ಹೆದರಿ ಮುಂದೂಡುವುದೇ ಅಪಾಯ. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡರೆ ಮಧ್ಯರಾತ್ರಿಯ ತುರ್ತು ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ನೀವು ಗಮನಿಸಬೇಕಾದದ್ದು ಬೇರೆ. ಹಿಂದಿನ ಎರಡು ವಾರಗಳಲ್ಲಿ ನೆಗಡಿ, ಕೆಮ್ಮು, ಜ್ವರ ಬಂದಿದ್ದರೆ ಮುಚ್ಚಿಡದೆ ಹೇಳಿ, ಏಕೆಂದರೆ ಆಗ ಉಸಿರಿನ ನಾಳ ಕೆರಳುವ ಸಾಧ್ಯತೆ ಹೆಚ್ಚಿರುತ್ತದೆ. ತಾಯಿಯ ಹಾಲನ್ನು ಸಾಮಾನ್ಯವಾಗಿ ನಾಲ್ಕು ಗಂಟೆ ಮೊದಲಿನವರೆಗೆ ಕುಡಿಸಬಹುದು. ಮಕ್ಕಳಿಗೆ ತಿಳಿನೀರನ್ನು ಒಂದು ಗಂಟೆ ಮೊದಲಿನವರೆಗೂ ಕೊಡಬಹುದೆಂದು ಯುರೋಪಿನ ತಜ್ಞರು 2022ರಲ್ಲಿ ಒಪ್ಪಿದ್ದಾರೆ. ನಿಮ್ಮ ಆಸ್ಪತ್ರೆಯ ಕ್ರಮವನ್ನು ಕೇಳಿಕೊಳ್ಳಿ. ಮಗು ಅಳುತ್ತದೆಂದು ಕದ್ದು ಹಾಲು ಕುಡಿಸಬೇಡಿ.

ಪ್ರಶ್ನೆ: ಆಪರೇಷನ್ ನಡೆಯುವಾಗ ನಡುವೆ ಎಚ್ಚರವಾದರೆ? (ಕೋಲಾರ)

ಉತ್ತರ: ಬ್ರಿಟನ್ ಮತ್ತು ಐರ್ಲೆಂಡಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಿಂದ ವರದಿ ಸಂಗ್ರಹಿಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ರೋಗಿಗಳು ತಾವಾಗಿ ಹೇಳಿಕೊಂಡ ಇಂಥ ಘಟನೆಗಳು ಸುಮಾರು 19,000 ಪೂರ್ಣ ಅರಿವಳಿಕೆಗಳಿಗೆ ಒಂದು. ಸ್ನಾಯು ಸಡಿಲಿಸುವ ಔಷಧಿ ಬಳಸಿದಾಗ ಮತ್ತು ಪೂರ್ಣ ಅರಿವಳಿಕೆಯ ಸಿಸೇರಿಯನ್ನಿನಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚು. ಬೆನ್ನಿನ ಇಂಜೆಕ್ಷನ್ ಕೊಟ್ಟಾಗ ಎಚ್ಚರವಿರುವುದು ಸಹಜ, ಅದು ಇದರಲ್ಲಿ ಸೇರುವುದಿಲ್ಲ. ಹಿಂದೆಂದಾದರೂ ಹಾಗೆ ಆಗಿದ್ದರೆ, ಅಥವಾ ದಿನವೂ ಮದ್ಯ ಇಲ್ಲವೇ ನಿದ್ದೆಮಾತ್ರೆಯ ಅಭ್ಯಾಸವಿದ್ದರೆ, ತಜ್ಞರಿಗೆ ನೇರವಾಗಿ ಹೇಳಿ. ಆ ಮಾಹಿತಿಯನ್ನು ನೋಡಿಯೇ ನಾವು ಔಷಧಿಯ ಪ್ರಮಾಣವನ್ನು ನಿರ್ಧರಿಸುತ್ತೇವೆ.

ಪ್ರಶ್ನೆ: ಚಟ ಹತ್ತಿಸದ ಹೊಸ ನೋವುನಿವಾರಕ ಬಂದಿದೆಯೆಂದು ಓದಿದೆ. ಆಪರೇಷನ್ ಆದವರಿಗೆಲ್ಲ ಅದನ್ನೇ ಕೊಡಬಹುದಲ್ಲವೇ? (ಕೆಜಿಎಫ್, ನಿವೃತ್ತ ನರ್ಸ್)

ಉತ್ತರ: ನೀವು ಓದಿದ್ದು ಸುಜೆಟ್ರಿಜಿನ್ ಬಗ್ಗೆ ಇರಬೇಕು. ನೋವಿನ ನರಗಳಲ್ಲಿರುವ ಒಂದು ಬಗೆಯ ಸೋಡಿಯಂ ದ್ವಾರವನ್ನು ಮಾತ್ರ ಮುಚ್ಚುವ ಈ ಮಾತ್ರೆಗೆ ಅಮೆರಿಕದಲ್ಲಿ 2025ರ ಜನವರಿ 30ರಂದು ಅನುಮತಿ ದೊರೆಯಿತು. ಅದು ಮಿದುಳಿನ ಮೇಲೆ ಅಫೀಮಿನ ಬಗೆಯ ಔಷಧಿಗಳಂತೆ ಕೆಲಸ ಮಾಡದಿರುವುದು ದೊಡ್ಡ ಗುಣ. ಆದರೆ ಪರೀಕ್ಷೆಗಳಲ್ಲಿ ಅದು ಔಷಧಿಯೇ ಇಲ್ಲದ ಹುಸಿಮಾತ್ರೆಗಿಂತ ಚೆನ್ನಾಗಿತ್ತೇ ಹೊರತು, ಪ್ಯಾರಸಿಟಮಾಲ್ ಬೆರೆಸಿದ ಅಫೀಮು ಬಗೆಯ ಮಾತ್ರೆಯನ್ನು ಮೀರಿಸಲಿಲ್ಲ. ಹೊತ್ತಿಗೆ ಸರಿಯಾಗಿ ಪ್ಯಾರಸಿಟಮಾಲ್ ಮತ್ತು ಸಾಧ್ಯವಿದ್ದಲ್ಲಿ ನರ್ವ್ ಬ್ಲಾಕ್ ಕೊಟ್ಟರೆ ನಮ್ಮ ವಾರ್ಡುಗಳಲ್ಲಿ ಎಷ್ಟೋ ನೋವು ಈಗಲೇ ತಗ್ಗುತ್ತದೆ. ರೋಗಿ ಕೇಳುವವರೆಗೆ ಕಾಯುವ ಪದ್ಧತಿ ಮೊದಲು ಹೋಗಬೇಕು.

ಪ್ರಶ್ನೆ: ನಾವು ಆರ್ಯವೈಶ್ಯರು. ನನ್ನ ಅಣ್ಣನಿಗೆ ಅಪೆಂಡಿಕ್ಸ್ ಆಪರೇಷನ್ ಅರ್ಧ ಗಂಟೆಯಲ್ಲಿ ಮುಗಿದರೂ ಉಸಿರು ಬಾರದೆ ರಾತ್ರಿಯೆಲ್ಲ ವೆಂಟಿಲೇಟರ್‌ನಲ್ಲಿಟ್ಟಿದ್ದರು. ಬೆಳಿಗ್ಗೆ ಪೂರ್ತಿ ಚೇತರಿಸಿಕೊಂಡ. ನಿಮ್ಮ ಸಮುದಾಯದಲ್ಲಿ ಹೀಗಾಗುತ್ತದೆ ಎಂದರು. ಇದು ನಿಜವೇ? ನನಗೂ ಆಗುವುದೇ? (ಚಿಂತಾಮಣಿ)

ಉತ್ತರ: ನಿಜ, ಮತ್ತು ಈ ಪತ್ರವನ್ನು ಬರೆದು ನೀವು ಬಹಳ ಜನರಿಗೆ ಉಪಕಾರ ಮಾಡಿದ್ದೀರಿ. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಉಸಿರಿನ ಕೊಳವೆಯನ್ನು ಬೇಗ ಹಾಕಲು ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧಿಯನ್ನು ಬಳಸುತ್ತಾರೆ. ರಕ್ತದಲ್ಲಿರುವ ಬ್ಯುಟಿರೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದುಹಾಕುವುದರಿಂದ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಉಸಿರು ಮರಳುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡುವುದಿಲ್ಲ. ಆಗ ಔಷಧಿಯ ಪ್ರಭಾವ ಗಂಟೆಗಟ್ಟಲೆ ಉಳಿಯುತ್ತದೆ. ವೈಶ್ಯ ಸಮುದಾಯದಲ್ಲಿ ಈ ಕೊರತೆ ಉಳಿದವರಿಗಿಂತ ಬಹಳ ಹೆಚ್ಚಾಗಿರುವುದನ್ನು ದಕ್ಷಿಣ ಭಾರತದ ವೈದ್ಯರು ಗುರುತಿಸಿದ್ದರು, ಮತ್ತು ಅದಕ್ಕೆ ಕಾರಣವಾದ ಜೀನ್ ಬದಲಾವಣೆಯನ್ನು 2006ರಲ್ಲಿ ಪ್ರಕಟಿಸಲಾಯಿತು. ಕಿಣ್ವದ 307ನೆಯ ಸ್ಥಾನದಲ್ಲಿ ಲ್ಯೂಸೀನ್ ಎಂಬ ಅಮೈನೋ ಆಮ್ಲದ ಬದಲು ಪ್ರೋಲೀನ್ ಎಂಬ ಇನ್ನೊಂದು ಕೂತಿರುವುದೇ ಆ ದೋಷ. ಶತಮಾನಗಳಿಂದ ಸಮುದಾಯದೊಳಗೇ, ಸಂಬಂಧದಲ್ಲೇ ಮದುವೆಯಾಗುತ್ತ ಬಂದ ಯಾವುದೇ ಗುಂಪಿನಲ್ಲಿ ಇಂಥ ಒಂದಲ್ಲ ಒಂದು ಗುಣ ಹೆಚ್ಚಾಗಿ ಕಾಣುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದಿನನಿತ್ಯದ ಬದುಕಿಗೆ ಇದರಿಂದ ತೊಂದರೆಯೂ ಇಲ್ಲ.

ತಂದೆ, ತಾಯಿ ಇಬ್ಬರಿಂದಲೂ ಆ ದೋಷವಿರುವ ಜೀನ್ ಬಂದರೆ ಮಾತ್ರ ನಿಮ್ಮ ಅಣ್ಣನಿಗಾದಷ್ಟು ತೀವ್ರ ಕೊರತೆ ಉಂಟಾಗುತ್ತದೆ. ಹಾಗಿರುವಾಗ ಒಡಹುಟ್ಟಿದ ಪ್ರತಿಯೊಬ್ಬರಿಗೂ ಅದೇ ಸ್ಥಿತಿ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದ ನೀವೂ ನಿಮ್ಮ ಒಡಹುಟ್ಟಿದವರೂ ರಕ್ತದಲ್ಲಿ ಕೋಲಿನ್‌ಎಸ್ಟರೇಸ್ ಪ್ರಮಾಣದ ಪರೀಕ್ಷೆ ಮಾಡಿಸಿಕೊಳ್ಳಿ. ಇದು ಸರಳವಾದ ಪರೀಕ್ಷೆ. ಕೀಟನಾಶಕ ಕುಡಿದು ಬಂದವರಿಗೆ ಮಾಡುವುದೂ ಇದನ್ನೇ. ಆ ಸಂಬಂಧದಿಂದಲೇ ಇನ್ನೊಂದು ಮಾತನ್ನು ಟೊಮೆಟೊ, ದ್ರಾಕ್ಷಿ ಬೆಳೆಯುವ ಎಲ್ಲ ಓದುಗರಿಗೂ ಹೇಳಬೇಕು: ಆರ್ಗನೋಫಾಸ್ಫೇಟ್ ಬಗೆಯ ಕೀಟನಾಶಕಗಳು ಇದೇ ಕಿಣ್ವವನ್ನು ಕಟ್ಟಿಹಾಕುತ್ತವೆ. ಇತ್ತೀಚೆಗೆ ಮೂಗು, ಬಾಯಿ ಮುಚ್ಚಿಕೊಳ್ಳದೆ ಔಷಧಿ ಸಿಂಪಡಿಸಿದವರು ಆಪರೇಷನ್ನಿಗೆ ಹೋದರೆ ಅದನ್ನು ತಿಳಿಸಬೇಕು.

ಕೊರತೆ ಇರುವವರಿಗೆ ಆಪರೇಷನ್ ಮಾಡಲಾಗದು ಎಂದೇನೂ ಇಲ್ಲ. ಮೊದಲೇ ಗೊತ್ತಿದ್ದರೆ ರೋಕ್ಯುರೋನಿಯಂನಂಥ ಬೇರೆ ಔಷಧಿಯನ್ನು ಬಳಸುತ್ತೇವೆ, ಅಥವಾ ಬೆನ್ನಿನ ಅರಿವಳಿಕೆಯಲ್ಲೇ ಕೆಲಸ ಮುಗಿಸುತ್ತೇವೆ. ಗೊತ್ತಿಲ್ಲದೆ ಸಕ್ಸಿನೈಲ್‌ಕೋಲಿನ್ ಕೊಟ್ಟಿದ್ದರೂ, ರೋಗಿಯನ್ನು ನಿದ್ದೆಯಲ್ಲೇ ಇರಿಸಿ ಸ್ನಾಯುಶಕ್ತಿ ಮರಳುವವರೆಗೆ ವೆಂಟಿಲೇಟರ್‌ನಲ್ಲಿ ಉಸಿರಾಡಿಸಿದರೆ ಪ್ರಾಣಕ್ಕೆ ಅಪಾಯವಿಲ್ಲ. ನಿಮ್ಮ ಅಣ್ಣನ ವೈದ್ಯರು ಮಾಡಿದ್ದು ಅದನ್ನೇ. ಅಣ್ಣನ ಡಿಸ್ಚಾರ್ಜ್ ಚೀಟಿಯಲ್ಲಿ ಔಷಧಿಯ ಹೆಸರು, ವೆಂಟಿಲೇಟರ್‌ನಲ್ಲಿದ್ದ ಸಮಯ ಮತ್ತು ಕಿಣ್ವದ ಪ್ರಮಾಣ ಇವು ದಾಖಲಾಗಿವೆಯೇ ನೋಡಿ. ಇಲ್ಲದಿದ್ದರೆ ಆ ಆಸ್ಪತ್ರೆಗೆ ಮತ್ತೆ ಹೋಗಿ ಬರೆಸಿಕೊಳ್ಳಿ. ಅದರ ಪ್ರತಿಯೊಂದು ಮನೆಯ ಪ್ರತಿಯೊಬ್ಬರ ಮೊಬೈಲಿನಲ್ಲಿರಲಿ, ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರ ಮೊಬೈಲಿನಲ್ಲಿಯೂ.